ಅಕ್ಷರದ ಕುಂಟೆಬಿಲ್ಲೆ

ಐ.ಡಿ.ಹಳ್ಳಿ, ೧೨ ಅಕ್ಟೋಬರ್ ೧೯೩೧, ಸೋಮವಾರ

ರಂಗಿಗೆ ಜ್ವರ ಇನ್ನೂ ಇಳಿದಿಲ್ಲ.

ಸಂಜೆ ಅವಳ ತಾಯಿ ಕೆಂಪಕ್ಕ ಕುರಿಹಟ್ಟಿಯಿಂದ ಏದುಸಿರು ಬಿಡುತ್ತ ಬಂದಳು. ನಮ್ಮ ಮನೆಯ ಅಂಗಳದಲ್ಲಿ ಮಕ್ಕಳಿಗೆ ಅಕ್ಷರ ಕಲಿಸಲು ನಾನು ಬರೆದ ಕುಂಟೆಬಿಲ್ಲೆ ಹಾಗೇ ಇತ್ತು. ಒಂದೊಂದು ಮನೆಯಲ್ಲೂ ಸುಣ್ಣದಲ್ಲಿ ಒಂದೊಂದು ಅಕ್ಷರ. ಅದನ್ನು ಕೂಗಿ ಹೇಳಿದವರು ಮಾತ್ರ ಮುಂದಿನ ಮನೆಗೆ ಕುಂಟಬಹುದು. ಸ್ಲೇಟು ಕಂಡರೆ ಅಳುತ್ತಿದ್ದ ರಂಗಿ ಈ ಆಟದಲ್ಲಿ ಎಲ್ಲರಿಗಿಂತ ಮೊದಲು ಕಲಿತಿದ್ದಳು.

“ಅಕ್ಸರಾನ ಕಾಲಲ್ಲಿ ತುಳಿಸಿದ್ರಲ್ಲ ಅಮ್ಮಣ್ಣಿ, ಸರಸತಿ ಸುಮ್ಕಿರ್ತಾಳಾ?” ಎಂದಳು ಕೆಂಪಕ್ಕ. “ನನ್ ಕೂಸಿನ ಮೈ ಕೆಂಡ ಆಗೈತೆ. ಅಳಿಸ್ಬುಡಿ. ಎಲ್ಲಾರ ಮುಂದೆ ತಪ್ಪಾಯ್ತು ಅನ್ನಿ.”

ಹಟ್ಟಿಯ ಬೇರೆ ಮಕ್ಕಳಿಗೂ ಜ್ವರ ಬಂದಿದೆ, ಅವರು ಈ ಕಡೆ ಕಾಲೇ ಇಟ್ಟವರಲ್ಲ ಎಂದು ಹೇಳಬಹುದಿತ್ತು. ಆಟಕ್ಕೆ ಬಂದಿದ್ದ ಮಕ್ಕಳ ಎದುರಿಗೇ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕೆಂಪಕ್ಕ ಆ ಮಣ್ಣನ್ನು ಮಗಳ ಹಣೆಗೆ ಹಚ್ಚಲು ಚಿಟಿಕೆಯಷ್ಟು ಸೆರಗಿಗೆ ಕಟ್ಟಿಕೊಂಡಳು. ಉಳಿದ ಅಕ್ಷರಗಳನ್ನೆಲ್ಲ ಸಗಣಿ ಹಾಕಿ ಸಾರಿಸಿ ಅಳಿಸಿದೆ.

“ನಾಕನೇ ಕ್ಲಾಸು ಓದಿದ್ದಕ್ಕೇ ಮೇಷ್ಟ್ರಾಗೋಕೆ ಹೊಂಟಿದ್ಲು,” ಎಂದರು ಅತ್ತಿಗೆ ಒಳಗಿನಿಂದಲೇ.

ದೀಪ ಹಚ್ಚಿದ ಮೇಲೆ ತಡೆಯಲಾರದೆ ಹಟ್ಟಿಗೆ ಹೋದೆ. ಬಾಗಿಲಲ್ಲೇ ಕೇಳಿಸಿತು. ರಂಗಿ ಕನವರಿಸುತ್ತ ಒಂದೊಂದೇ ಅಕ್ಷರ ಕೂಗುತ್ತಿದ್ದಳು. ಒಂದೂ ತಪ್ಪಿರಲಿಲ್ಲ. ಕೆಂಪಕ್ಕ ಅವಳ ಬಾಯಿಗೆ ಕೈ ಅಡ್ಡ ಇಟ್ಟು, “ಬ್ಯಾಡ ಕಣವ್ವ, ಅನ್ಬ್ಯಾಡ, ಬುಟ್ಬುಡು,” ಎಂದು ಅಳುತ್ತಿದ್ದಳು.

ಒಳಗೆ ಹೋಗುವ ಧೈರ್ಯ ಬರಲಿಲ್ಲ. ತಿರುಗಿ ಬರುವಾಗ ನನಗಿದ್ದದ್ದು ಒಂದೇ ಬೇಡಿಕೆ. ಅವಳು ಕೂಗುತ್ತಲೇ ಇರಲಿ. ಕೂಗು ನಿಂತುಹೋದರೆ ಅವಳ ಉಸಿರೂ ನಿಂತಿತೇನೋ ಎಂಬ ಭಯ.