ಕೂದಲಲ್ಲಿ ಸಿಕ್ಕ ನೂಲು

ಅಮ್ಮಾ,

ಮೊನ್ನೆ ತಲೆ ಬಾಚಿಕೊಂಡು, ಬಾಚಣಿಗೆಯಲ್ಲಿ ನೂಲಿನ ಚೂರು ಹುಡುಕಿದೆ. ಎಂಥ ದಡ್ಡಿ ನೋಡು ನಿನ್ನ ಮಗಳು. ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವಳ ತಲೆಗೆ ನೂಲು ಎಲ್ಲಿಂದ ಬರಬೇಕು? ನೂಲು ಇರುತ್ತಿದ್ದದ್ದು ನಿನ್ನ ತಲೆಯಲ್ಲಿ. ಸಂಜೆ ಗಾರ್ಮೆಂಟ್ಸ್ ವ್ಯಾನು ನಮ್ಮೂರ ಕ್ರಾಸಿನಲ್ಲಿ ಇಳಿಸಿದ ಮೇಲೆ ನೀನು ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ನಾನು ಹಿಂದೆ ಕೂತು ನಿನ್ನ ಕೂದಲಿಂದ ಒಂದೊಂದೇ ಚೂರು ಆರಿಸುತ್ತಿದ್ದೆ. "ಇವತ್ತು ನೀಲಿ ಶರ್ಟಾ ಅಮ್ಮ?" ಅಂದರೆ, "ಹೂಂ ಕಣೇ, ಪರದೇಶದೋರಿಗೆ ಈ ಸಲ ನೀಲಿ ಹುಚ್ಚು ಹಿಡ್ದೈತೆ. ಎರಡು ಸಲ ಹಾಕ್ಕೊಂಡು ಬಿಸಾಕ್ತಾರಂತೆ" ಅನ್ನುತ್ತಿದ್ದೆ. ಬಿಸಾಡುವ ಶರ್ಟಿಗೆ ಅಷ್ಟೊಂದು ಅವಸರ ಯಾಕೆ ಅಂತ ನಾವಿಬ್ಬರೂ ಕೇಳಿಕೊಳ್ಳಲಿಲ್ಲ.

ನಿನ್ನ ನೀರಿನ ಬಾಟಲಿ ನೆನಪಿದೆಯಾ? ಬೆಳಿಗ್ಗೆ ತುಂಬಿಕೊಂಡು ಹೋದದ್ದು ಸಂಜೆ ತುಂಬಿಯೇ ವಾಪಸು ಬರುತ್ತಿತ್ತು. ನೀರು ಕುಡಿದರೆ ಟಾಯ್ಲೆಟ್‌ಗೆ ಏಳಬೇಕು, ಎದ್ದರೆ ಆ ಗಂಟೆಯ ಟಾರ್ಗೆಟ್ ತಪ್ಪುತ್ತದೆ, ತಪ್ಪಿದರೆ ಸೂಪರ್‌ವೈಸರ್ ಎಲ್ಲರ ಮುಂದೆ ಬೈಯುತ್ತಾನೆ. ಅವನ ದನಿಯಲ್ಲೇ ಬೈದು ತೋರಿಸಿ ನೀನು ನಗಿಸುತ್ತಿದ್ದೆ, ನಾನೂ ನಗುತ್ತಿದ್ದೆ. ಆ ಬಾಟಲಿಯ ನೀರನ್ನು ತುಳಸಿಗೆ ಹೊಯ್ಯುತ್ತಿದ್ದೆವು. ಎರಡು ಕಿಡ್ನಿಯೂ ಕೆಟ್ಟಿವೆ ಅಂತ ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿದಾಗ ನನಗೆ ಮೊದಲು ನೆನಪಾದದ್ದು ಆ ತುಳಸಿ ಗಿಡ. ಎಷ್ಟು ಹಸಿರಾಗಿತ್ತು ಅದು, ನಾನು ಒಂದು ಸಲವಾದರೂ...

ನಿನ್ನ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿದ್ದೂ ನಾನೇ. ಹುಟ್ಟುಹಬ್ಬ, ಮದುವೆ, ವೈಕುಂಠ ಸಮಾರಾಧನೆ, ಎಲ್ಲಕ್ಕೂ ಊರವರ ಮುಖ ಕತ್ತರಿಸಿ ಅಂಟಿಸುವವಳಿಗೆ ಹೆತ್ತ ತಾಯಿಯ ಒಂದು ಒಳ್ಳೆಯ ಫೋಟೊ ಸಿಗಲಿಲ್ಲ. ಇದ್ದದ್ದು ಕಂಪನಿಯ ಐಡಿ ಕಾರ್ಡಿನದು. ಅದರಲ್ಲಿ ನೀನು ಆಗತಾನೆ ಬೈಸಿಕೊಂಡವಳ ಹಾಗೆ ನೋಡುತ್ತಿದ್ದೀಯ. ಹಿಂದೆ ಮೋಡ ಹಾಕಿದೆ, ಎರಡು ಪಾರಿವಾಳ ಹಾರಿಸಿದೆ. ನೀನು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ನನಗೆ ಮಾತ್ರ ಆ ಹೆಂಗಸು ಯಾರೋ ಅನ್ನಿಸಿತು.

ಕಳೆದ ತಿಂಗಳು ಗಂಗರತ್ನಕ್ಕ ಅಂಗಡಿಗೆ ಬಂದಳು. ಅದೇ, ನಿನ್ನ ಲೈನಿನಲ್ಲಿ ನಿನ್ನ ಹಿಂದಿನ ಮಿಷನ್ನಿನವಳು. ಟಾರ್ಗೆಟ್ ಇಳಿಸಬೇಕು, ನೀರು ಕುಡಿಯಲು, ಟಾಯ್ಲೆಟ್‌ಗೆ ಹೋಗಲು ಬಿಡಬೇಕು ಅಂತ ಹೆಂಗಸರೆಲ್ಲ ಭಾನುವಾರ ಭಾನುವಾರ ಕಂಪನಿಯ ಗೇಟಿನೆದುರು ಕೂರುತ್ತಾರಂತೆ, ಅದಕ್ಕೊಂದು ದೊಡ್ಡ ಚಿತ್ರ ಬೇಕಂತೆ. ನಾನು ನಿನ್ನ ಐಡಿ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿದೆ, ಅದರ ಕಣ್ಣಿಂದ ನೀರು ಸುರಿಯುವ ಹಾಗೆ ಮಾಡಿದೆ, ಕುತ್ತಿಗೆಗೆ ನೂಲು ಬಿಗಿದೆ. ಗಂಗರತ್ನಕ್ಕ ಕಂಪ್ಯೂಟರಿನತ್ತ ಬಗ್ಗಿ ನೋಡಿದಳು.

"ಚೆನ್ನಾಗೈತಮ್ಮ. ಆದ್ರೆ ಮುಖ ಬ್ಯಾಡ. ಮುಖ ಹಾಕಿದ್ರೆ ಇದು ಅವರೊಬ್ಬರ ಮನೆ ದುಃಖ ಅಂದ್ಬಿಡ್ತಾರೆ. ಇಷ್ಟಕ್ಕೂ ನಿಮ್ಮಮ್ಮ ಅತ್ತಿದ್ದು ನಾನು ನೋಡೇ ಇಲ್ಲ."

"ಹಾಗಾದ್ರೆ ಏನು ಬರೀಲಿ ಅಕ್ಕ?" ಅಂದೆ. ಸಿಟ್ಟು ಬಂದಿತ್ತು ನನಗೆ.

"ಒಂಬತ್ತು ವರ್ಷ ನಾನು ನೋಡಿದ್ದು ನಿಮ್ಮಮ್ಮನ ಬೆನ್ನು ಕಣಮ್ಮ. ಅದನ್ನ ಬರಿ."

ನಿನ್ನ ಬಲಭುಜ ಇಷ್ಟು ಇಳಿದಿರುತ್ತಿತ್ತು ಅಂತ ತಾನೇ ಕೂತು ತೋರಿಸಿದಳು. ರವಿಕೆಯ ಹಿಂದಿನ ಪಿನ್ನು, ಮಧ್ಯಾಹ್ನಕ್ಕೇ ಬಾಡುತ್ತಿದ್ದ ಕನಕಾಂಬರ, ಅಳತೆ ತಪ್ಪದೆ ಎಲ್ಲ ಹೇಳಿದಳು. ನನಗೆ ಹೊಟ್ಟೆಕಿಚ್ಚಾಯಿತು ಅಮ್ಮ. ನಾನು ಸಂಜೆ ಅರ್ಧ ಗಂಟೆ ನೋಡುತ್ತಿದ್ದ ಬೆನ್ನನ್ನು ಅವಳು ದಿನಪೂರ್ತಿ ನೋಡಿದ್ದಳು.

ನೀನು ಹೊದೆಯುತ್ತಿದ್ದ ಬಿಳಿ ದುಪ್ಪಟಿ ತೆಗೆದು ನಡುಮನೆಯಲ್ಲಿ ಹಾಸಿ ಅದರ ಮೇಲೆ ಬರೆದೆ. ನಾಲ್ಕು ದಿನ ಮನೆಯಲ್ಲಿ ಬ್ರಷ್ಷಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. "ಸಾಕು ಎದ್ದು ಉಣ್ಣು ಬಾರೇ" ಅನ್ನುವವರಿಲ್ಲ. ನಿನ್ನ ಬೆನ್ನು ಬರೆಯುತ್ತಾ ಬರೆಯುತ್ತಾ, ಇವಳು ತಿರುಗಿ ನೋಡುವುದಿಲ್ಲ ಅನ್ನುವುದು ಗಟ್ಟಿಯಾಗುತ್ತಾ ಹೋಯಿತು. ಚಿತ್ರ ಮುಗಿದರೂ ಏನೋ ಕಡಿಮೆ ಅನ್ನಿಸಿತು. ನೂಲು! ಗಂಗರತ್ನಕ್ಕನಿಗೆ ಹೇಳಿದೆ. ಲೈನಿನ ಹೆಂಗಸರೆಲ್ಲ ವಾರಪೂರ್ತಿ ತಮ್ಮ ತಲೆಯಿಂದ ತೆಗೆದ ಚೂರುಗಳನ್ನು ಒಂದು ಟಿಫನ್ ಡಬ್ಬಿಯಲ್ಲಿ ಹಾಕಿ ಕಳಿಸಿದರು. ಈ ಸಲ ಹಳದಿ ಜಾಸ್ತಿ ಅಮ್ಮ. ಗೋಂದು ಹಚ್ಚಿ ಒಂದೊಂದೇ ಚೂರನ್ನು ನಿನ್ನ ಕೂದಲಿಗೆ ಅಂಟಿಸಿದೆ. ಆರಿಸಿದ ಕೈಯಿಂದಲೇ ಅಂಟಿಸುವಾಗ ನಾನು ಜೋರಾಗಿ ಅತ್ತೆ.

ಹೋದ ಭಾನುವಾರ ಗೇಟಿನೆದುರು ಹೊಂಗೆ ಮರಕ್ಕೆ ಅದನ್ನು ಕಟ್ಟಿದೆವು. ಬಂದವರೆಲ್ಲ ನೋಡಿ, "ಇದು ನಮ್ಮಕ್ಕ ಕದಾ?" ಅಂತ ಒಬ್ಬಳು ತೆಲುಗು ಬೆರೆಸಿ, "ಅಲ್ಲ, ನಮ್ಮ ಫಾತಿಮಾ, ಭುಜ ನೋಡು" ಅಂತ ಇನ್ನೊಬ್ಬಳು, ಜಗಳಕ್ಕೇ ನಿಂತರು. ನಿನ್ನ ಹೆಸರು ನಾನು ಹೇಳಲಿಲ್ಲ. ಎಲ್ಲರೂ ತಂದ ಬಾಟಲಿಯ ನೀರನ್ನು ಅಲ್ಲೇ ಕೂತು ಪೂರ್ತಿ ಕುಡಿದರು. ಕಂಪನಿಯವರು ಒಳಗಿನಿಂದ ನೋಡಿದರು, ಮಾತಾಡೋಣ ಅಂತ ಹೇಳಿ ಕಳಿಸಿದರು. ಟಾರ್ಗೆಟ್ ಇನ್ನೂ ಇಳಿದಿಲ್ಲ.

ಹೊರಡುವ ಮುಂಚೆ ಗಂಗರತ್ನಕ್ಕ ನಿನ್ನ ಬೆನ್ನ ಹಿಂದೆ, ಅಂದರೆ ಚಿತ್ರದ ಮುಂದೆ, ತನ್ನ ಮಾಮೂಲಿ ದೂರದಲ್ಲಿ ನಿಂತಳು. ಯಾರ ಜೊತೆಗೋ ಮಾತಾಡುತ್ತಾ ಕೈ ಚಾಚಿ ನಿನ್ನ ಕೂದಲಿಂದ ಒಂದು ಹಳದಿ ನೂಲು ತೆಗೆದಳು. ಬೆರಳಲ್ಲಿ ಉಂಡೆ ಮಾಡಿ ಕೆಳಗೆ ಹಾಕಿದಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

"ಅಯ್ಯೋ, ನೀನು ಅಂಟ್ಸಿದ್ದಲ್ವಾ! ಮರ್ತೇಹೋಯ್ತಮ್ಮ."

"ಇರಲಿ ಬಿಡಕ್ಕ" ಅಂದೆ.

ಮತ್ತೆ ಅಂಟಿಸಲಿಲ್ಲ ಅಮ್ಮ. ಬರುವ ಭಾನುವಾರವೂ ಕೂರುತ್ತಾರೆ, ಅದರ ಮುಂದಿನದೂ. ನಾನೂ ಹೋಗುತ್ತೇನೆ. ಯಾರು ಬೇಕಾದರೂ ಬಂದು ಆರಿಸಲಿ, ನಿನ್ನ ತಲೆಯಲ್ಲಿ ಒಂದು ಚೂರು ನೂಲೂ ಉಳಿಯದ ತನಕ ಅಲ್ಲೇ ಕೂತಿರುತ್ತೇನೆ.

ನಿನ್ನ ಬೆನ್ನ ಹಿಂದೆ ಕೂತವಳು,
ಮಂಜುಳ