ಪಕ್ಕದ ಸೀಟಿನ ನೀಲಿ ಹೊಲಿಗೆ

ಲೌತ್, ಲಿಂಕನ್‌ಷೈರ್
ಭಾನುವಾರ, ೧೪ ಜೂನ್ ೧೯೯೮

ಪ್ರೀತಿಯ ಡೆಸ್,

ಹೇಗಿದ್ದೀಯ? ಇಲ್ಲಿ ಬೇಸಿಗೆ ಬಂತು ಅಂದರೆ ಅಲ್ಲಿ ಫಾಕ್‌ಲ್ಯಾಂಡ್ ದ್ವೀಪದ ಸೇನಾ ನೆಲೆಯಲ್ಲಿ ಚಳಿ ಮೂಳೆ ಕೊರೆಯುತ್ತಿರಬೇಕು. ಬೆನ್ನುನೋವು ಕಡಿಮೆಯಾಯಿತೆ? ಜನರೇಟರ್ ಬಿಚ್ಚುವಾಗ ಒಬ್ಬನೇ ಭಾರ ಎತ್ತಬೇಡ, ಪಕ್ಕದಲ್ಲಿರುವ ಸೈನಿಕರನ್ನು ಕರೆ. ನಾನು ಆರೋಗ್ಯವಾಗಿದ್ದೇನೆ. ಗುರುವಾರ ನಿನ್ನಮ್ಮನಿಗೆ ಪ್ಲಮ್ ಬ್ರೆಡ್ ಕೊಟ್ಟು ಬಂದೆ. ಬೆಣ್ಣೆ ಸಾಲದು ಎಂದು ಮುಖ ಸಿಂಡರಿಸಿದರು, ಅಂದಮೇಲೆ ಅವರೂ ಗಟ್ಟಿಮುಟ್ಟಾಗಿದ್ದಾರೆ.

ನಿನ್ನ ಕಾರಿಗೂ ಏನೂ ಆಗಿಲ್ಲ. ನೀನು ಗ್ಯಾರೇಜಿನ ಗೋಡೆಗೆ ಅಂಟಿಸಿ ಹೋದ ಪಟ್ಟಿಯಂತೆ ಪ್ರತಿ ಭಾನುವಾರ ಅದನ್ನು ಎಬ್ಬಿಸಿ, ಚರ್ಚಿನ ತನಕ ಓಡಿಸಿ ತರುತ್ತೇನೆ. ಟರ್ಬೊ ಶಿಳ್ಳೆ ಹಾಕಿತೆಂದರೆ ಅಕ್ಕಪಕ್ಕದ ಮನೆಯ ನಾಯಿಗಳೆಲ್ಲ ಬೊಗಳುತ್ತವೆ. ಎಡಗಡೆಯ ಹೆಡ್‌ಲೈಟು ಬಾನೆಟ್ಟಿನಿಂದ ಮೇಲೇಳಲು ಈಗಲೂ ಹಟ ಮಾಡುತ್ತದೆ, ಒಂದು ಗುದ್ದು ಕೊಟ್ಟರೆ ದಾರಿಗೆ ಬರುತ್ತದೆ. ಮನೆ ಮುಟ್ಟಿದ ಮೇಲೆ ಎಂಜಿನ್ ಆರಿಸದೆ ಎರಡು ನಿಮಿಷ ಸುಮ್ಮನೆ ಕೂತಿರುತ್ತೇನೆ. ಕಾದ ಟರ್ಬೊಗೆ ಎಣ್ಣೆ ಹರಿದು ಅದು ತಣ್ಣಗಾಗಬೇಕು ಎಂದು ನೀನು ಕೆಂಪು ಪೆನ್ನಿನಲ್ಲಿ ಮೂರು ಗೆರೆ ಎಳೆದಿದ್ದೀಯಲ್ಲ. ಹದಿಮೂರು ವರ್ಷದಲ್ಲಿ ನಾನು ತಣ್ಣಗಾಗಲಿ ಎಂದು ನೀನು ಒಂದು ನಿಮಿಷ ಕಾದದ್ದು ನನಗಂತೂ ನೆನಪಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ, ಬಂದರೆ ತಲೆ ಕೆಡುತ್ತದೆ. ಕಾರ್ ಕ್ಲಬ್ಬಿನ ಕಾರ್ಯದರ್ಶಿ ಗ್ರಿಮ್‌ವುಡ್ ಆರನೇ ತಾರೀಖು ಶನಿವಾರ ತಮ್ಮ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದಿದ್ದರು. ಇಪ್ಪತ್ತೆಂಟನೇ ತಾರೀಖಿನ ಕಾರು ಪ್ರದರ್ಶನಕ್ಕೆ ಮೊದಲು ಕಾರನ್ನು ಒಮ್ಮೆ ನೋಡಬೇಕಂತೆ. ನನ್ನ ಹೂವಿನ ಕುಂಡದ ಮೇಲೆ ಚಹಾದ ಕಪ್ಪಿಟ್ಟು, ಕಾರಿನೊಳಗೆ ಟಾರ್ಚು ಬಿಟ್ಟು ಅರ್ಧ ಗಂಟೆ ನೋಡಿದರು. ಪೆಂಡ್ರೇಕ್ ಟರ್ಬೊ ಒಟ್ಟು ತಯಾರಾದದ್ದೇ ಹತ್ತೊಂಬತ್ತು, ಈಗ ಉಳಿದದ್ದು ಹನ್ನೊಂದು, ನಿಮ್ಮದು ತಯಾರಾದ ಸರದಿಯಲ್ಲಿ ಹನ್ನೆರಡನೆಯದು ಎಂದು ನನಗೇ ಪಾಠ ಮಾಡಿದರು. ಆಮೇಲೆ ಎಡಗಡೆಯ ಸೀಟು ಮುಟ್ಟಿ, ಸತ್ತ ಇಲಿ ಕಂಡವರ ಹಾಗೆ ಕೈ ಹಿಂದಕ್ಕೆಳೆದುಕೊಂಡರು. "ಮಿಸೆಸ್ ಹ್ಯಾಲಮ್, ಇದನ್ನ ಯಾರೋ ಆಮೇಲೆ ಹೊಲಿದಿದಾರೆ. ನೂಲು ನೀಲಿ ಇದೆ. ಟರ್ಬೊಗೆಲ್ಲ ಕೆಂಪು ನೂಲೇ ಹಾಕ್ತಿದ್ದಿದ್ದು."

ಯಾರೋ ಅಲ್ಲ, ನಾನೇ ಹೊಲಿದದ್ದು ಎಂದೆ. ಪೆಂಡ್ರೇಕ್ ಫ್ಯಾಕ್ಟರಿಯಲ್ಲಿ ನೀನು ಟರ್ಬೊ ಕೂರಿಸುತ್ತಿದ್ದಾಗ ಹೊಲಿಗೆ ವಿಭಾಗದಲ್ಲಿ ಸೀಟಿನ ಚರ್ಮ ಹೊಲಿಯುತ್ತಿದ್ದವಳು ನಾನು. ಇದ್ದವರು ನಾವು ನಾಲ್ಕೇ ಹೆಂಗಸರು. ಹೊದಿಕೆ ಮುಚ್ಚುವ ಮೊದಲು ಒಳಗಡೆ ಸೀಮೆಸುಣ್ಣದಲ್ಲಿ ಹೆಸರು, ತಾರೀಖು, ಜೊತೆಗೆ ಬಾಯಿಗೆ ಬಂದ ಹರಟೆ ಏನಾದರೂ ಗೀಚಿಯೇ ಮುಚ್ಚುತ್ತಿದ್ದೆವು, ಕಾರು ಗುಜರಿಗೆ ಹೋಗುವ ತನಕ ಅದನ್ನು ಓದುವವರು ಯಾರೂ ಇಲ್ಲ ಎಂಬ ಧೈರ್ಯದಿಂದ. ಒಂದು ಶುಕ್ರವಾರ ಕೆಂಪು ನೂಲು ಮುಗಿಯಿತು, ಉಗ್ರಾಣದವನು ಬೀಗ ಹಾಕಿ ಹೋಗಿದ್ದ, ಕೈಗೆ ಸಿಕ್ಕ ನೀಲಿ ನೂಲು ಹಾಕಿದೆ. ಅವರಿಗೆ ಇಷ್ಟನ್ನೂ ಹೇಳಿದೆ. ಆ ಮಹಾನುಭಾವರು ಪುಟ ತಿರುವಿ ತೋರಿಸಿದರು. "ನೀವು ಹೇಳೋದು ಇರಬಹುದು, ಆದ್ರೆ ಪುಸ್ತಕದಲ್ಲಿ ಕೆಂಪು ಅಂತಿದೆ. ಅಲ್ಲಮ್ಮಾ, ಕಸುಬು ಗೊತ್ತಿದ್ದವರು ಸೋಮವಾರದ ತನಕ ಕಾಯದೆ ಹಾಗೆ ಮಾಡ್ತಾರಾ?" ಆ ಪುಸ್ತಕ ಬರೆದವರು ಅವರೇ! ಫ್ಯಾಕ್ಟರಿಯ ಬಾಗಿಲು ಕೂಡ ನೋಡದವರು! ಆದರೂ ಯಾಕೆ ಕಾಯಲಿಲ್ಲ ಎಂಬುದು ನನಗೇ ನಿಜಕ್ಕೂ ನೆನಪಿರಲಿಲ್ಲ.

ಅದಾದರೂ ಹೋಗಲಿ, ಹೊರಗಿನವರು. ಮಂಗಳವಾರ ನೀನು ಫೋನಿನಲ್ಲಿ ಏನಂದೆ? "ಗ್ರಿಮ್‌ವುಡ್‌ಗೆ ಎಲ್ಲಾ ಗೊತ್ತು ಚಿನ್ನ. ನೀನು ಯಾವುದೋ ಬೇರೆ ಕಾರು ನೆನಪಿಟ್ಕೊಂಡಿರ್ತೀಯ. ಬಿಚ್ಚಿ ಕೆಂಪು ನೂಲು ಹಾಕ್ಬಿಡು, ನಿಂಗೆ ಒಂದು ದಿನದ ಕೆಲಸ." ಅವರಿಗೆ ಎಲ್ಲಾ ಗೊತ್ತು, ನನಗೆ ನನ್ನ ಕೈಹೊಲಿಗೆಯೂ ಗೊತ್ತಿಲ್ಲ! ಐದು ದಿನದಿಂದ ಪಾತ್ರೆ ತೊಳೆಯುವಾಗಲೂ ಇದೇ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ನಾನು ಹೊಲಿದದ್ದನ್ನು ನಾನೇ ಬಿಚ್ಚಿ, ಅದು ನನ್ನದಲ್ಲ ಎಂದು ಒಪ್ಪಿಕೊಳ್ಳಬೇಕು, ಅದೂ ಪ್ರದರ್ಶನದಲ್ಲಿ ಸಿಗುವ ಹತ್ತು ಅಂಕಕ್ಕೋಸ್ಕರ. ನನಗೆ ತುಂಬಾ ನೋವಾಗಿದೆ ಡೆಸ್. ಇರಲಿ, ಕೆಂಪು ನೂಲು ತಂದಿಟ್ಟಿದ್ದೇನೆ. ಊಟವಾದ ಮೇಲೆ ಕತ್ತರಿ ಹಿಡಿದು ಕೂರುತ್ತೇನೆ. ನಿನ್ನ ಕಾರು, ನಿನ್ನ ಪುಸ್ತಕ, ನಿನ್ನ ಗ್ರಿಮ್‌ವುಡ್, ನೀವು ನೀವೇ ಸುಖವಾಗಿರಿ.

ನಿನ್ನಮ್ಮ ನಿನ್ನ ಯೋಗಕ್ಷೇಮ ಕೇಳಿದೆ ಎಂದು ಬರೆಯಲು ಹೇಳಿದ್ದಾರೆ. ಉಣ್ಣೆಯ ಬನಿಯನ್ ಹಾಕಿಕೊಳ್ಳುವುದನ್ನು ಮರೆಯಬೇಡ. ಸಿಟ್ಟಿದ್ದರೂ ನಿನ್ನವಳೇ,

ಬೆವರ್ಲಿ

ವಿ.ಸೂ. ಅಂಚೆಗೆ ಹಾಕುವ ಮೊದಲೇ ಬಿಚ್ಚಲು ಕೂತೆ. ಒಂದು ಮಗ್ಗುಲು ಬಿಚ್ಚಿ ಚರ್ಮ ಮಗುಚಿದರೆ ಒಳಗೆ ನನ್ನದೇ ಅಕ್ಷರ. ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ಬೆವ್, ೧೭ ಮೇ ೧೯೮೫. ಕೆಂಪು ನೂಲು ಮುಗೀತು. ಟರ್ಬೊ ಡೆಸ್ ಗೇಟ್ ಹತ್ರ ನಿಂತಿದಾನೆ, ಇವತ್ತು ಹೊರಗೆ ಕರ್ಕೊಂಡು ಹೋಗ್ತಾನಂತೆ. ಕಿಟಕೀಲಿ ಬಗ್ಗಿ, ನೀಲಿನೇ ಹಾಕು ಮಾರಾಯ್ತಿ, ಯಾರು ನೋಡ್ತಾರೆ ಅಂದ. ಸೋಮವಾರದ ತನಕ ಯಾರು ಕಾಯ್ತಾರೆ!" ಗ್ರಿಮ್‌ವುಡ್‌ಗೆ ಫೋನ್ ಮಾಡಿ ಓದಿ ಹೇಳಿದೆ. ಪುಸ್ತಕ ಆಗಲೇ ಅಚ್ಚಾಗಿಬಿಟ್ಟಿದೆಯಲ್ಲ ಎಂದರು. ನಾನು ನೀಲಿ ನೂಲಿನಲ್ಲೇ ಹೊಲಿದು ಮುಚ್ಚಿದ್ದೇನೆ, ಅಂಕ ಹೋದರೆ ಹೋಗಲಿ. ಆಮೇಲೆ ಚರ್ಚಿನ ತನಕ ಓಡಿಸಿ ತಂದೆ. ಆ ಎರಡು ನಿಮಿಷ ಇವತ್ತು ಪಕ್ಕದ ಸೀಟಿಗೆ ಜರುಗಿ ಕೂತೆ. ನಿನ್ನ ಸೀಟು ಖಾಲಿ ಇತ್ತು. ಬೇಗ ಬಾ.