ಪಿಕಪ್‌ಗೆ ಓವರ್‌ಡ್ರೈವ್ ಹಾಕಿಸಿದ ಮೇಲೆ

ಮಂಗಳವಾರ, ಮಾರ್ಚ್ ೧೧

ನಮ್ಮ ಹಳೇ ಪಿಕಪ್ ಡೀಸೆಲ್ ಕುಡಿಯೋದು ಕಡಿಮೆಯಾಗಲಿ ಅಂತ ಮೆಕ್ಯಾನಿಕ್ ಆಗಿರೋ ಹೆಂಡತಿಯ ತಮ್ಮನ ಕೈಲಿ ಓವರ್‌ಡ್ರೈವ್ ಅನ್ನೋ ಇನ್ನೊಂದು ಗೇರ್ ಹಾಕಿಸಿದಾಗಿನಿಂದ ಒಂದೇ ಚಿಂತೆ. ಗೇರ್‌ಬಾಕ್ಸ್ ಕೈಕೊಟ್ಟರೆ ಮಂಚ, ಸೋಫಾ ಸಾಗಿಸೋ ಕಸುಬೇ ನಿಂತುಹೋಗುತ್ತೆ. "ನನ್ನ ತಮ್ಮನ ಪ್ರಯೋಗಕ್ಕೆ ನಮ್ಮ ಗಾಡಿನೇ ಬೇಕಿತ್ತಾ" ಅಂತ ಇವಳು ಮುಖ ಊದಿಸಿಕೊಂಡೇ ಪಕ್ಕದಲ್ಲಿ ಕೂತಳು.

ಹೆದ್ದಾರಿಯಲ್ಲಿ ಓವರ್‌ಡ್ರೈವ್ ಸ್ವಿಚ್ ಒತ್ತಿದೆ. ವೇಗ ಹಾಗೇ ಇತ್ತು, ಇಂಜಿನ್ನಿನ ಅರಚಾಟ ಮಾತ್ರ ಇಳಿಯಿತು. ದಿನಾ ಡೀಸೆಲ್ ಹಾಕಿಸೋ ಬಂಕ್ ದಾಟಿದರೂ ಡೀಸೆಲ್ ಮುಳ್ಳು ಅರ್ಧದ ಮೇಲೇ ಇತ್ತು. ಸದ್ಯ, ಬದುಕಿದೆ.

"ಸರಿಯಾಗಿದೆ ಅಲ್ವೇನ್ರೀ" ಅಂತ ಇವಳು ಅಭ್ಯಾಸಬಲದಿಂದ ಕಿರುಚಿದಳು. ತನ್ನ ದನಿ ತನಗೇ ಕೇಳಿ ನಕ್ಕಳು. ಆಮೇಲೆ ದಾರಿಯುದ್ದಕ್ಕೂ ಮೆಲ್ಲಗೆ ಮಾತು. ನಮ್ಮ ಮನೆ ಮಂಚದ ಕಾಲು ಅಲ್ಲಾಡ್ತಿದೆ ಅಂತ ಇದೇ ಗಾಡಿಯಲ್ಲಿ ಎಷ್ಟೋ ಸಲ ಹೇಳಿದ್ದಳಂತೆ.

ಇನ್ನು ಕೇಳಿಸಲಿಲ್ಲ ಕಣೇ ಅನ್ನೋ ಹಾಗಿಲ್ಲ.